ವಿಠೋಬಾ ಒಣಹಾಕಿದ ಶ್ಯಾವಿಗೆ

ನಮ್ಮ ವಿಠೋಬಾನಿಗೆ ಒಂದು ಚಟವಿದೆ. ಬೀಡಿಯಲ್ಲ, ತಂಬಾಕಲ್ಲ, ಇಸ್ಪೀಟಂತೂ ಅಲ್ಲವೇ ಅಲ್ಲ. ತೊಳೆಯುವ ಚಟ. ಚಹಾ ಕೊಟ್ಟರೆ ಕುಡಿಯುವ ಮೊದಲೊಮ್ಮೆ ಕಪ್ ತೊಳೆಯುತ್ತಾನೆ, ಕುಡಿದ ಮೇಲೆ ಇನ್ನೊಮ್ಮೆ. ಸೈಕಲ್ಲಿನ ಗಾಲಿ ತೊಳೆಯದೆ ಅದನ್ನು ಅಂಗಳದೊಳಗೆ ತರುವುದಿಲ್ಲ. ಒಮ್ಮೆ ನನ್ನ ಸ್ಟೋರಿನ ಕೀಲಿಗೊಂಚಲನ್ನು ಕೇಳದೆಯೇ ಎತ್ತಿಕೊಂಡು ಹೋಗಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಳ್ಳಿಯ ಹಾಗೆ ಹೊಳೆಯಿಸಿ ತಂದುಕೊಟ್ಟ. ಯಾವ ಕೀಲಿ ಯಾವ ಕಪಾಟಿನದೆಂದು ನಾನು ಹಚ್ಚಿಟ್ಟಿದ್ದ ಬಣ್ಣದ ಗುರುತೆಲ್ಲ ಹುಣಸೆಹಣ್ಣಿನ ಪಾಲಾಗಿತ್ತು. ಆ ದಿನ ಬೆಳಗಿನಿಂದ ಸಂಜೆಯವರೆಗೆ ಕೀಲಿ ತಿರುವುತ್ತ ಅವನನ್ನು ಬೈದೆ. ಅವನು ಮಾತ್ರ "ಬೈಯ್ರಿ, ಆದ್ರ ಎಷ್ಟು ಚಂದ ಆಗ್ಯಾವ ನೋಡ್ರಿ" ಎನ್ನುತ್ತ ನಿಂತಿದ್ದ.

ನಾನು ಸಂಗಮೇಶ್ವರ. ಸೇಡಂ ಮತ್ತು ಚಿತ್ತಾಪುರದ ನಡುವಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಕೇಳಿದ ತಕ್ಷಣ ಒಂದು ನಟ್ಟನ್ನೂ ಕೊಡುವವನಲ್ಲ. 'ದೇವರು ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆಯನ್ನು ಕಾರ್ಖಾನೆಯ ಮಂದಿ ನನಗಾಗಿಯೇ ಮೀಸಲಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಇಂಥ ನಾನು ಒಬ್ಬನನ್ನು ಹೊಗಳಲು ಕೂತಿದ್ದೇನೆಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ವಿಠೋಬಾ ಮತ್ತು ನಾನು ಒಂದೇ ಊರಿನವರು. ಗುಂಡಗುರ್ತಿಯಿಂದ ಸ್ವಲ್ಪ ಆಚೆ, ಬಿಳಿಗುಂಡಿ.

ಬಿಳಿಗುಂಡಿಯಲ್ಲಿ ಬೋರ್ ಕೊರೆದರೆ ನೀರು ಬರುತ್ತದೆ, ಬರುವುದಿಲ್ಲವೆಂದಲ್ಲ. ಆದರೆ ಅದು ಸುಣ್ಣದ ನೀರು. ಅದರಲ್ಲಿ ತೊಗರಿಬೇಳೆ ಮಧ್ಯಾಹ್ನದವರೆಗೆ ಕುದಿಸಿದರೂ ಕಲ್ಲಿನಂತೆಯೇ ಇರುತ್ತದೆ. ಊರಿಗೆ ನೀರೆಂದರೆ ಖಣಿ. ಹಿಂದೆ ಯಾರೋ ನೆಲಹಾಸಿನ ಫರ್ಸಿ ಕಲ್ಲು ತೆಗೆದು ಬಿಟ್ಟುಹೋದ ದೊಡ್ಡ ಕುಣಿ ಅದು. ಮಳೆನೀರು ತುಂಬಿ, ಸುತ್ತ ಹುಲ್ಲು ಬೆಳೆದು, ಈಗ ಅದಕ್ಕೆ ಕೆರೆಯ ಗೌರವ ಬಂದಿದೆ. ಅದರ ಮೆಟ್ಟಿಲು ಯಾರೂ ಕಟ್ಟಿದ್ದಲ್ಲ, ಕಲ್ಲು ಒಡೆಯುವವರು ಪದರು ಪದರಾಗಿ ಬಿಟ್ಟುಹೋದದ್ದು. ಬೇಳೆ ಬೇಯುವುದು ಆ ನೀರಿನಲ್ಲೇ.

ವಿಠೋಬಾ ಹುಡುಗನಾಗಿದ್ದಾಗಲೇ ಶಹಾಬಾದಿಗೆ ಹೋಗಿ ಕಲ್ಲು ಪಾಲಿಶ್ ಮಾಡುವ ಕಡೆ ಸೇರಿದ. ಬಿಳಿ ರಾಡಿಯಲ್ಲಿ ನಿಂತು ಕೆಲಸ. ತಲೆಗೂದಲು, ಹುಬ್ಬು, ಕಿವಿಯ ಸಂದು, ಎಲ್ಲ ಬೆಳ್ಳಗೆ. ಅಲ್ಲಿಂದ ವಾಡಿಗೆ ಹೋಗಿ ಸಿಮೆಂಟ್ ಚೀಲ ಹೊತ್ತ. ಅಲ್ಲಿ ಬಿಳಿ ಹೋಗಿ ಬೂದಿಬಣ್ಣ ಬಂತು, ಅಷ್ಟೇ ಬಡ್ತಿ. ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ ಹಣಮವ್ವ ಬಾಗಿಲಲ್ಲೇ ಎರಡು ಕೊಡ ಖಣಿ ನೀರು ತುಂಬಿಟ್ಟು ನಿಲ್ಲುತ್ತಿದ್ದಳು. "ಮೊದಲ ಮನಷ್ಯಾ ಆಗು, ಆಮ್ಯಾಲ ಒಳಗ ಬಾ" ಎನ್ನುತ್ತಿದ್ದಳು. ಅವನು ಹೊಸ್ತಿಲ ಹೊರಗೆ ನಿಂತು ತಲೆಯ ಮೇಲೆ ನೀರು ಸುರಿದುಕೊಂಡು, ತೊಳೆದು ತೊಳೆದು, ಒಳಗಿನ ಮನುಷ್ಯನನ್ನು ಹೊರಗೆ ತೆಗೆಯಬೇಕಿತ್ತು. ಅವನ ತೊಳೆಯುವ ಚಟ ಅಲ್ಲಿ ಹುಟ್ಟಿತೆಂದು ನನ್ನ ಅಂದಾಜು. ಮೈತುಂಬ ಧೂಳು ಹೊತ್ತು ಅರ್ಧ ಆಯುಷ್ಯ ಕಳೆದವನಿಗೆ ನೀರು ಎಂದರೆ ಏನೆಂದು ನಾವು ಫ್ಯಾನಿನ ಕೆಳಗೆ ಕುಳಿತವರು ಹೇಳಲಾಗದು.

ಆಮೇಲೆ ಅವನಿಗೆ ಕೆಮ್ಮು ಹತ್ತಿತು. ಡಾಕ್ಟರು ಧೂಳು ಬಿಡು ಎಂದರು. ನಮ್ಮ ಕಾರ್ಖಾನೆಯಲ್ಲಿ ಆಗಷ್ಟೇ ಹೊಸದಾಗಿ ಶುರುವಾಗಿದ್ದ ನೀರು ಶುದ್ಧೀಕರಣದ ಪ್ಲಾಂಟಿನಲ್ಲಿ ಒಬ್ಬ ಸಹಾಯಕ ಬೇಕಿತ್ತು. ಊರಿನವನೆಂದು ನಾನೇ ಒಂದು ಮಾತು ಹೇಳಿದೆ. ಮೊದಲ ದಿನ ಕೆಲಸ ಮುಗಿಸಿ ಮನೆಗೆ ಹೋದಾಗ ಹಣಮವ್ವ ಎಂದಿನಂತೆ ಕೊಡ ತುಂಬಿಟ್ಟು ನಿಂತಿದ್ದಳಂತೆ. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೊಡವನ್ನು ಹಾಗೇ ಒಳಗೆ ಒಯ್ದಳಂತೆ. ಮರುದಿನ ಅವನು ನನ್ನ ಸ್ಟೋರಿಗೆ ಬಂದು, "ಮನಿಂದ ಹೋಗುವಾಗಿನಕಿಂತ ಬರುವಾಗ ಸ್ವಚ್ಛ ಇರೋ ನೌಕರಿ ಅದ ಇದು. ನಿಮ್ಮ ಉಪಕಾರ ಭಾಳ ಆತು" ಎಂದ. ಅವನ ಕಣ್ಣು ತುಂಬಿದ್ದವು. ನನಗೆ ಇಂಥದ್ದೆಲ್ಲ ಒಗ್ಗುವುದಿಲ್ಲ, "ಕೆಲಸ ನೋಡು ಹೋಗು" ಎಂದು ಕಳಿಸಿದೆ.

ಆ ಪ್ಲಾಂಟಿನ ಕೆಲಸವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕಾರ್ಖಾನೆಯ ಪವರ್‌ಹೌಸಿನಲ್ಲಿ ಯಂತ್ರ ತಣ್ಣಗಾಗಿಸಲು ನೀರು ಬೇಕು. ಅದೇ ನೀರು ಸುತ್ತಿ ಸುತ್ತಿ ಕೊನೆಗೆ ರಾಡಿಯಾಗುತ್ತದೆ. ಮೊದಲು ಅದನ್ನು ಹೊರಗೆ ಬಿಟ್ಟು, ಆಮೇಲೆ ಬತ್ತಿಹೋದ ಒಂದು ಹಳ್ಳದಿಂದ ಹೊಸ ನೀರು ತರುತ್ತಿದ್ದರು. ಈಗ ಅದನ್ನು ಉಸುಕಿನಲ್ಲಿ ಸೋಸಿ, ಆಮೇಲೆ ಆಳೆತ್ತರದ ಬಿಳಿ ಕೊಳವೆಗಳೊಳಗೆ ಒತ್ತಡದಿಂದ ನುಗ್ಗಿಸುತ್ತಾರೆ. ಪ್ರತಿ ಕೊಳವೆಯೊಳಗೆ ಸಾವಿರಾರು ಎಳೆಗಳಿವೆ. ಒಳಗೆ ಪೊಳ್ಳು, ಮೈತುಂಬ ಕಣ್ಣಿಗೆ ಕಾಣದ ತೂತು. ನೀರು ಆ ತೂತಿನಿಂದ ಪಾರಾಗುತ್ತದೆ, ರಾಡಿ ಹೊರಗೇ ಉಳಿಯುತ್ತದೆ. ಇಂಜಿನಿಯರರು ಅದನ್ನು ಮೆಂಬ್ರೇನ್ ಎನ್ನುತ್ತಾರೆ. ನೋಡಲು ಥೇಟ್ ಶ್ಯಾವಿಗೆ. ವಿಠೋಬಾ ಅದನ್ನು ಶ್ಯಾವಿಗೆ ಎಂದೇ ಕರೆದ, ನೋಡನೋಡುತ್ತ ಕಾರ್ಖಾನೆಯ ಎಲ್ಲರ ಬಾಯಲ್ಲೂ ಅದು ಶ್ಯಾವಿಗೆಯೇ ಆಯಿತು.

ನಮ್ಮೂರಿಗೂ ಆ ಶ್ಯಾವಿಗೆಗೂ ಒಂದು ನಂಟಿದೆ, ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಖಣಿಯ ಜಾಗ ಕಾರ್ಖಾನೆಯ ಹಳೆಯ ಗುತ್ತಿಗೆಗೆ ಸೇರಿದ್ದು. ಅದರ ದಂಡೆಯ ಮೇಲೆ ಅವರು ಒಂದು ದೊಡ್ಡ ಮೋಟರ್ ಕೂಡಿಸಿ, ಪೈಪು ಎಳೆದು, ತಾಡಪತ್ರಿ ಹೊದಿಸಿ ಇಟ್ಟಿದ್ದಾರೆ. ಊರಿನವರು ಹೋಗಿ ಕೇಳಿಕೊಂಡಾಗ ಆದ ಮಾತು ಇಷ್ಟೇ: ಬಳಸಿದ ನೀರನ್ನೇ ಶುದ್ಧ ಮಾಡಿ ತಿರುಗಿ ಬಳಸುವುದು ನಡೆಯುವವರೆಗೆ ಆ ಮೋಟರ್ ಓಡುವುದಿಲ್ಲ. ಪ್ಲಾಂಟು ನಿಂತರೆ ಮೋಟರ್ ಓಡುತ್ತದೆ. ಅಂಥ ಮೋಟರ್ ಓಡಿದರೆ ನಮ್ಮ ಖಣಿ ಒಂದು ತಿಂಗಳೂ ತಾಳುವುದಿಲ್ಲ. ಖಣಿಗೆ ನೀರಿಗೆ ಹೋದ ಹೆಂಗಸರು ಆ ತಾಡಪತ್ರಿಯ ಕಡೆ ಒಮ್ಮೆ ನೋಡಿ, ಅದು ಅಲುಗಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಡ ಮುಳುಗಿಸುವುದು.

ಇದು ನಡೆದದ್ದು ಹೋದ ವರ್ಷದ ದಸರೆಯಲ್ಲಿ. ಮಳೆ ಕೈಕೊಟ್ಟಿತ್ತು. ಖಣಿ ಅರ್ಧವೂ ತುಂಬಿರಲಿಲ್ಲ. ಕಾರ್ಖಾನೆ ವಾರ್ಷಿಕ ರಿಪೇರಿಗೆಂದು ಬಂದ್ ಆಗಿತ್ತು, ಭಟ್ಟಿ ಆರಿಸಿದ್ದರು. ನೀರಿನ ಪ್ಲಾಂಟಿನ ಕೆಮಿಸ್ಟ್ ಲುಂಬಿನಿ, ಕಲಬುರಗಿಯಲ್ಲಿ ಓದಿ ಬಂದ ವಾಡಿಯ ಹುಡುಗಿ, ಎಲ್ಲ ಕೊಳವೆಗಳನ್ನೂ ಬಿಚ್ಚಿಸಿ, ಅವುಗಳ ರಬ್ಬರ್ ಬಳೆ ಬದಲಾಯಿಸಲೆಂದು, ಒಂದು ಉದ್ದನೆಯ ತೊಟ್ಟಿಯಲ್ಲಿ ಔಷಧದ ನೀರು ತುಂಬಿ ಅದರಲ್ಲಿ ಮಲಗಿಸಿದ್ದಳು. ಪ್ರತಿ ದಸರೆಗೆ ಅವಳು ಮನೆಯವರೊಂದಿಗೆ ನಾಗಪುರದ ದೀಕ್ಷಾಭೂಮಿಗೆ ಹೋಗುತ್ತಾಳೆ. ಹೊರಡುವಾಗ ವಿಠೋಬಾನಿಗೆ ಹೇಳಿದ್ದು, "ಕಾಕಾ, ಇವು ಜ್ವಾಕಿ. ನಿಮ್ಮ ಮನಿ ಮಕ್ಕಳಂಗ ನೋಡ್ಕೋರಿ."

ಅವನು ಹಾಗೆಯೇ ನೋಡಿಕೊಂಡ. ತೊಂದರೆ ಆದದ್ದೇ ಅದರಿಂದ.

ಖಂಡೇನವಮಿ, ಅಂದರೆ ಆಯುಧಪೂಜೆ, ನಮ್ಮ ಕಡೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಅದಕ್ಕೆ ಮೊದಲು ಮನೆಯಲ್ಲಿರುವ ಒಂದು ವಸ್ತುವೂ ತೊಳೆಯದೆ ಉಳಿಯುವುದಿಲ್ಲ. ಕೌದಿ, ಹಾಸಿಗೆ, ಡಬ್ಬಿ, ಒಲೆಯ ಮೇಲಿನ ಮಾಡ, ಎಲ್ಲ ಹೊರಗೆ. ತೊಳೆದು ಬಿಸಿಲಿಗೆ ಹಾಕಿ, ಪೂರಾ ಒಣಗಿಸಿ ಒಳಗೆ ತರಬೇಕು. ಹಸಿ ವಸ್ತು ಪೂಜೆಗೆ ನಡೆಯದು. ಕುಡ, ಕುಂಟೆ, ಕೊಡಲಿ, ತಕ್ಕಡಿ, ಟ್ರ್ಯಾಕ್ಟರು, ಎಲ್ಲಕ್ಕೂ ಅದೇ ನಿಯಮ. ವಿಠೋಬಾ ಪ್ಲಾಂಟಿನ ಪಂಪು ತೊಳೆದ, ನಟ್ಟು ಬಿಚ್ಚುವ ಪಾನಾ ತೊಳೆದ, ಕಡೆಗೆ ತೊಟ್ಟಿಯ ಮುಚ್ಚಳ ತೆಗೆದ. ಔಷಧದ ನೀರು ಗಂಧಕದ ಹಾಗೆ ನಾರುತ್ತಿತ್ತು. ತನಗೆ ಅನ್ನ ಕೊಟ್ಟ ಶ್ಯಾವಿಗೆ ಹಬ್ಬದ ದಿನ ನಾರುವ ನೀರಿನಲ್ಲಿ ಬಿದ್ದಿವೆಯಲ್ಲ ಎಂದು ಅವನು ಅಂಗಿಯ ತೋಳು ಮಡಚಿದ. ಒಂದೊಂದನ್ನೇ ಎತ್ತಿ, ಎರಡೂ ಬಾಯಿ ಬಿಚ್ಚಿ, ಒಳ್ಳೆಯ ನೀರಿನಿಂದ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸಿದ. ಶ್ಯಾವಿಗೆ ತಾನೆ? ನಮ್ಮ ಹೆಂಗಸರು ಶ್ಯಾವಿಗೆ ಹೊಸೆದು ಏನು ಮಾಡುತ್ತಾರೆ? ಒಣಹಾಕುತ್ತಾರೆ. ಗಣೇಶನನ್ನು ಮಾಡು ಎಂದರೆ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಹಾಗೆ.

ನಾನೂ ನೋಡಿದೆ. ಮೆಂಬ್ರೇನು ಒಣಗಬಾರದೆಂದು ನನಗೇನು ಗೊತ್ತು? ಪ್ರತಿ ಕೊಳವೆಗೂ ಕುಂಕುಮ, ಭಂಡಾರದ ಅರಿಸಿನ, ಚೆಂಡುಹೂವಿನ ಹಾರ. ಮದುಮಕ್ಕಳ ಸಾಲಿನಂತೆ ಕಾಣುತ್ತಿದ್ದವು. ಚಂದ ಮಾಡಿದ್ದಾನೆಂದು ಮನಸ್ಸಿನಲ್ಲೇ ಮೆಚ್ಚಿ, ಬಾಯಿಬಿಟ್ಟು ಹೇಳದೆ, ಅವನು ಒಡೆದ ಕಾಯಿಯಲ್ಲಿ ಒಂದು ಹೋಳು ತಿಂದು ಮನೆಗೆ ಹೋದೆ.

ದಸರೆಯ ಮರುದಿನ ಲುಂಬಿನಿ ನಾಗಪುರದ ಸಂತ್ರಾ ಬರ್ಫಿಯ ಡಬ್ಬಿ ಹಿಡಿದು ಬಂದಳು. ತೊಟ್ಟಿ ಖಾಲಿ. ಮಾಳಿಗೆ ಹತ್ತಿ ನೋಡಿದಳು. ಒಂದು ಕೊಳವೆಯ ಬಾಯಿಗೆ ಕೈಹಾಕಿ ಎಳೆಗಳನ್ನು ಮುಟ್ಟಿದಳು. ಅವು ಚರಚರ ಎಂದವು. ಅವಳು ಅಲ್ಲೇ ಕುಳಿತುಬಿಟ್ಟಳು.

"ಕಾಕಾ, ಇದೇನ್ ಮಾಡೀರಿ?"

"ತೊಳದೀನಿ ಬಾಯಿ. ನಾರಾಕತ್ತಿದ್ವು. ಹಬ್ಬದಾಗ ಹಂಗ ಹೆಂಗ ಬಿಡ್ಲಿ? ಮೂರು ಬಿಸಿಲು ಕಾಣಿಸೀನಿ, ಒಂದು ಹನಿ ಹಸಿ ಇಲ್ಲ ನೋಡ್ರಿ."

"ಇವು ಒಣಗಬಾರದು ಕಾಕಾ," ಎಂದಳು. "ಒಮ್ಮಿ ಹಸಿ ಆದ್ರ ಮುಗೀತು, ಜೀವ ಇರೋತನ ಹಸೀನೇ ಇರಬೇಕು. ಒಣಗಿದ್ರ ತೂತು ಮುಚ್ಕೋತಾವ. ಸತ್ತಂಗ."

ವಿಠೋಬಾ ಕೊಳವೆಗಳನ್ನು ನೋಡಿದ, ತನ್ನ ಕೈ ನೋಡಿಕೊಂಡ. ಆಮೇಲೆ ಹಾರಗಳನ್ನು ಒಂದೊಂದಾಗಿ ತೆಗೆಯತೊಡಗಿದ. ಬೈಯಬೇಕೆಂದು ಮೇಲೆ ಹತ್ತಿ ಬಂದಿದ್ದ ನಾನು ಆ ಹಾರಗಳಿಗೆ ಚೀಲ ಹಿಡಿದು ನಿಂತೆ.

ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ, ಆದರೆ ಭಟ್ಟಿ ಅವರ ದೇವರು. ಸೀಗಿ ಹುಣ್ಣಿಮೆಯ ಮರುದಿನ ಭಟ್ಟಿ ಹಚ್ಚಬೇಕು, ಪವರ್‌ಹೌಸಿಗೆ ನೀರು ಬೇಕು. ಹೊಸ ಮೆಂಬ್ರೇನ್ ಹೊರದೇಶದಿಂದ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. "ಅಲ್ಲೀತನ ಖಣಿ ಮೋಟರ್ ಹಚ್ಚೋದೇ ಹಾದಿ" ಎಂದರು. ವಿಠೋಬಾನ ಕಡೆ ತಿರುಗುವ ಮೊದಲೇ ಲುಂಬಿನಿ ಹೇಳಿದಳು, "ತಪ್ಪು ನಂದೂ ಅದ ಸರ್. ಜ್ವಾಕಿ ಮಾಡ್ರಿ ಅಂದೆ. ಒಣಗಿಸಬ್ಯಾಡ್ರಿ ಅನ್ನಲಿಲ್ಲ. ಹುಣ್ಣಿವಿತನ ಟೈಮ್ ಕೊಡ್ರಿ." ಸಾಹೇಬರು ಕೊಟ್ಟರು. ಕೊಡದೆ ಏನು, ಭಟ್ಟಿ ಹೇಗೂ ಅಲ್ಲಿಯವರೆಗೆ ಆರಿಯೇ ಇರುತ್ತಿತ್ತು.

ವಿಠೋಬಾ ತಪ್ಪನ್ನು ಮುಚ್ಚಿಡುವ ಜಾತಿಯವನಲ್ಲ. ಆ ಸಂಜೆಯೇ ಊರಿಗೆ ಹೋಗಿ ಹಣಮಪ್ಪನ ಗುಡಿಯ ಕಟ್ಟೆಯ ಮುಂದೆ ನಿಂತ. ನಾನು, ಲುಂಬಿನಿ ಜೊತೆಗಿದ್ದೆವು.

"ಖಣಿ ನೀರು ಹೋಗೋ ಹಂಗ ಆಗ್ಯದ," ಎಂದ. "ನನ್ನ ಕೈಲೇ ಆಗ್ಯದ. ಪೂಜಾ ಅಂತ ಮಾಡಿ ಶ್ಯಾವಿಗಿ ಕೊಂದೀನಿ. ಬೈಯೋರು ಈಗೇ ಬೈರಿ, ಹಿಂದಿಂದ ಅನ್ನಬ್ಯಾಡ್ರಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಂಗಸರು ಕೊಡ ಸೊಂಟದಲ್ಲಿಟ್ಟುಕೊಂಡೇ ಖಣಿಯ ಕಡೆ ತಿರುಗಿ ನೋಡಿದರು. ಕಡೆಗೆ ಮಾತಾಡಿದವಳು ಹಣಮವ್ವ. ಗಂಡನಿಗಲ್ಲ, ಲುಂಬಿನಿಗೆ.

"ಅಲ್ಲಬೇ ಬಾಯಿ, ಶ್ಯಾವಿಗಿ ಒಣಗಿದ್ರೇನಾತು? ನೀರಾಗ ಹಾಕಿದ್ರ ಮತ್ತ ಮೆತ್ತಗ ಆಗ್ತಾವಲ್ಲ?"

"ಬರೇ ನೀರು ಒಳಗ ಹೋಗಂಗಿಲ್ಲವ್ವಾ," ಎಂದಳು ಲುಂಬಿನಿ. "ತೂತು ಭಾಳ ಸಣ್ಣವು. ಒಣಗಿದ ಮ್ಯಾಲ ನೀರಿಗೆ ಬಾಗಿಲಾ ತೆಗೆಯಂಗಿಲ್ಲ. ಸ್ಪಿರಿಟ್ ಆದ್ರ ಹೋಗ್ತದ. ಅದು ಮೊದಲ ಹೊಕ್ಕು, ಹಿಂದ ನೀರನ್ನ ಕರಕೊಂಡು ಹೋಗ್ತದ. ಪುಸ್ತಕದಾಗ ಹಂಗ ಅದ. ನಾ ಎಂದೂ ಮಾಡಿ ನೋಡಿಲ್ಲ. ಎಲ್ಲವೂ ಉಳೀತಾವ ಅಂತ ಮಾತು ಕೊಡಂಗಿಲ್ಲ."

"ಸ್ಪಿರಿಟ್ ಅಂದ್ರ?"

"ಸೆರೆ ಇದ್ದಂಗ."

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು, ಆಮೇಲೆ ಊರಿನವರೆಲ್ಲ ನಕ್ಕರು. ಯಾಕೆಂದರೆ ವಿಠೋಬಾ ಮಾಳಕರಿ. ಕೊರಳಲ್ಲಿ ತುಳಸಿಮಾಲೆ, ವರ್ಷಕ್ಕೊಮ್ಮೆ ಪಂಢರಪುರ. ಸೆರೆ ಕುಡಿದವನ ನೆರಳು ಬಿದ್ದ ಜಾಗವನ್ನೂ ತೊಳೆಯುವ ಮನುಷ್ಯ. ಅವನು ನಗಲಿಲ್ಲ. "ಎಲ್ಲಿ ಸಿಗ್ತದ ಹೇಳ್ರಿ" ಎಂದ.

ಸಿಗುವುದು ಸುಲಭವಿರಲಿಲ್ಲ. ಕಾರ್ಖಾನೆಯ ಕೆಲಸಕ್ಕೆ ಸ್ಪಿರಿಟ್ ತರಿಸಲು ಅಬಕಾರಿಯವರ ಪರವಾನಗಿ ಬೇಕು, ಅದು ಹುಣ್ಣಿಮೆಗಲ್ಲ, ದೀಪಾವಳಿಗೂ ಬರುವುದಿಲ್ಲ. ಎರಡು ಬ್ಯಾರಲ್ ತುಂಬ ಬೇಕು ಎಂದಳು ಲುಂಬಿನಿ. ತಿರುಗಿ ಬರುವಾಗ ಗಾಡಿಯಲ್ಲಿ ನನಗೆ ನನ್ನ ಸ್ಟೋರಿನ ಹಿಂದಿನ ಮೂಲೆ ನೆನಪಾಯಿತು. ಕೊರೊನಾ ಕಾಲದಲ್ಲಿ ಬಂದು, ಯಾರಿಗೂ ಬೇಡವಾಗಿ, ಜಾಗ ತಿನ್ನುತ್ತ ಕೂತ ಸ್ಯಾನಿಟೈಸರಿನ ನೀಲಿ ಕ್ಯಾನುಗಳು. 'ಈ ಶನಿ ಇಲ್ಲಿಂದ ಒಯ್ಯಿರಿ' ಎಂದು ನಾನು ಎಷ್ಟು ಸಲ ಜಗಳಾಡಿದ್ದೆನೋ. ಹೋಗಿ ಬೀಗ ತೆಗೆದೆ. ಲುಂಬಿನಿ ಒಂದರ ಮುಚ್ಚಳ ಬಿಚ್ಚಿ ಮೂಸಿದಳು, ಅಂಗೈಗೆ ಸುರಿದುಕೊಂಡಳು, ಒಂದು ಪಾತ್ರೆಗೆ ಸುರಿದು ಸ್ಪಿರಿಟ್ ಎಷ್ಟಿದೆಯೆಂದು ಅಳೆಯುವ ಗಾಜಿನ ಕಡ್ಡಿ ತೇಲಿಬಿಟ್ಟಳು. ಮಾಳಿಗೆ ಹತ್ತಿ ಇಳಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಸರ್, ಇದು ಸ್ಪಿರಿಟ್ಟೇ. ಇದರಾಗ ಗ್ಲಿಸರಿನ್ ಸೈತ ಅದ. ಎಳಿ ಮೆತ್ತಗ ಇರಲಿಕ್ಕ ಅದೂ ಬೇಕು. ಔಷಧದ ಜೋಡಿ ಪಥ್ಯಾನೂ ಬಂದಂಗಾತು. ಆದ್ರ ಇಷ್ಟು ಸಾಲಂಗಿಲ್ಲ."

"ಸಾಲದಿದ್ರ ಬ್ಯಾರೆ ಕಡೆ ಇರ್ತಾವ," ಎಂದೆ. "ಯಾವ ಆಫೀಸಿನ ಮೂಲ್ಯಾಗ ಇಲ್ಲ ಹೇಳು?"

ಹಾಗೆ ಶುರುವಾಯಿತು ನಮ್ಮ ಭಿಕ್ಷಾಟನೆ. ಬೆಳಗಾಗುತ್ತಲೇ ಮುದಸ್ಸಿರನ ಟೆಂಪೊ. ಅವನು ಕಾರ್ಖಾನೆಗೆ ಸಾಮಾನು ತರುವ ಚಾಲಕ, ಬೀಡಿ ಆರಿದ್ದನ್ನು ನಾನು ನೋಡಿಲ್ಲ. ಬೆಂಕಿ ಹತ್ತುವ ಸಾಮಾನು ಎಂದು ಹೇಳಿದಾಗ ಕಟ್ಟು ಬೀಡಿಯನ್ನು ಕಿಟಕಿಯಿಂದ ಹೊರಗೆಸೆದು, "ಖಣಿ ಸಲುವಾಗಿ ಇಷ್ಟು ಮಾಡಂಗಿಲ್ಲೇನ್ರಿ" ಎಂದ. ಅವನ ಊರು ನಮ್ಮದಲ್ಲ. ಖಣಿಯ ಒಂದು ಗುಟುಕೂ ಅವನು ಕುಡಿದವನಲ್ಲ.

ಚಿತ್ತಾಪುರದಲ್ಲಿ ಒಂದು ಕಲ್ಯಾಣಮಂಟಪ, ಎರಡು ಶಾಲೆ, ಒಂದು ಖಾಸಗಿ ದವಾಖಾನೆ. ವಿಠೋಬಾ ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳುತ್ತಿದ್ದ: "ನಾ ಒಂದು ತಪ್ಪು ಮಾಡೀನಿ, ನಿಮ್ಮ ಕೊರೊನಾ ಎಣ್ಣಿ ಇದ್ರ ಕೊಡ್ರಿ." ನಾನು ಪಕ್ಕದಿಂದ ವಿವರಿಸಬೇಕಾಗುತ್ತಿತ್ತು. ಹೆಚ್ಚಿನವರು ಕೊಟ್ಟರು, ಮೂಲೆ ಖಾಲಿಯಾಯಿತಲ್ಲ ಎಂಬ ಸಂತೋಷದಲ್ಲಿ. ಕೆಲವರ ಕ್ಯಾನಿನಲ್ಲಿ ಲೋಳೆಯಂಥದ್ದು ಇರುತ್ತಿತ್ತು. ಅದು ಎಳೆಗೆ ಅಂಟಿ ತೂತು ಇನ್ನೂ ಮುಚ್ಚುತ್ತದೆ, ಬೇಡವೆಂದು ಲುಂಬಿನಿ ಹೇಳಿ ಕಳಿಸಿದ್ದಳು. ಅಂಗೈಗೆ ಸುರಿದು ನೀರಿನಂತೆ ಹರಿದರೆ ಮಾತ್ರ ತೆಗೆದುಕೊಂಡೆವು.

ವಾಡಿ ಸ್ಟೇಷನ್ನಿನ ಹೊರಗೆ ಹಮೀದಾಬಿಯ ಚಹಾದ ಅಂಗಡಿ. ಚೀಲ ಹೊರುವ ಕಾಲದಲ್ಲಿ ವಿಠೋಬಾ ಅಲ್ಲೇ ಚಹಾ ಕುಡಿಯುತ್ತಿದ್ದ. ದೂರದಿಂದಲೇ ಗುರುತು ಹಿಡಿದು, "ಅರೇ ಕಪ್ ತೊಳಿಯೋ ವಿಠೋಬಾ! ಜಿಂದಾ ಇದ್ದಿ ಏನಪಾ?" ಎಂದು ಕೂಗಿದಳು. ವಿಷಯ ಕೇಳಿ, ತಮ್ಮ ಮೊಹಲ್ಲಾದ ಕಮಿಟಿಯವರು ಆಗ ಹಂಚಲು ತಂದಿಟ್ಟಿದ್ದ ಕ್ಯಾನುಗಳನ್ನು ಹೊರಿಸಿದಳು. "ನೀರಿನ ಕೆಲಸಕ್ಕ ಇಲ್ಲ ಅನಬಾರದು. ಕುಂದ್ರಿ, ಚಾ ಕುಡದು ಹೋಗ್ರಿ" ಎಂದು ಕಪ್ ಕೊಟ್ಟಳು. ವಿಠೋಬಾ ಅದನ್ನು ತೊಳೆಯಲಿಲ್ಲ. ಕಣ್ಣಿಗೊತ್ತಿಕೊಂಡು ಹಾಗೇ ಕುಡಿದ. ಹಮೀದಾಬಿ ನನ್ನ ಮುಖ ನೋಡಿದಳು, ನಾನು ರೈಲಿನ ಕಡೆ ನೋಡಿದೆ.

ಶಹಾಬಾದಿನಲ್ಲಿ ಅವನ ಹಳೆಯ ಮಾಲೀಕ ಸೂಗಪ್ಪ. ಕಲ್ಲಿನ ಮಿಷನ್ನಿನ ಪಕ್ಕ ಅದೇ ಖುರ್ಚಿ, ಅದೇ ಬಿಳಿ ಧೂಳು. ಕೂಲಿಯವರಿಗೆಂದು ತಂದಿಟ್ಟದ್ದು ಒಂದು ದೊಡ್ಡ ಡಬ್ಬ ಉಳಿದಿತ್ತು. "ನೀ ಹೋದ ಮ್ಯಾಲ ಈ ಮಿಷನ್ ತೊಳಿಯೋರೇ ಸಿಗಲಿಲ್ಲೋ" ಎಂದರು. ಹೊರಡುವಾಗ ಟೆಂಪೊದ ಬಳಿ ಬಂದು, "ನಿನ್ನ ಆ ಶ್ಯಾವಿಗಿ ಬದುಕಿದ್ರ ನನಗ ಒಂದು ಮಾತು ಹೇಳು. ನಮ್ಮ ರಾಡಿ ನೀರೂ ಹಂಗ ಸೋಸಿ ಮತ್ತ ಕಲ್ಲಿಗೇ ಬಿಡಲಿಕ್ಕ ಬರ್ತದೇನು ಕೇಳಬೇಕು" ಎಂದರು.

ಮರುದಿನ ಸೇಡಂ, ಅಲ್ಲಿಂದ ಚಿಂಚೋಳಿ. ಒಂದು ಬ್ಯಾರಲ್ ತುಂಬಿತ್ತು, ಎರಡನೆಯದು ಅರ್ಧ. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದು ಹೌದು, ಆದರೆ ಹಳ್ಳಕ್ಕೆ ಹುಣ್ಣಿಮೆಯ ಅವಸರ ಇರುವುದಿಲ್ಲ. ಚಿಂಚೋಳಿಯಿಂದ ಚಂದ್ರಂಪಳ್ಳಿಯ ಕಡೆ ಹೋಗುವ ದಾರಿಯಲ್ಲಿ ಒಂದು ಬಾಲಕಿಯರ ಹಾಸ್ಟೆಲ್ಲಿದೆ. ಅಲ್ಲಿನ ವಾರ್ಡನ್ ದಾನೇಶ್ವರಿಯವರ ಬಳಿ ಸೀಲು ಒಡೆಯದ ಕ್ಯಾನುಗಳ ಒಂದು ಗೋಡೆಯೇ ಇತ್ತು. ನೋಡಿ ನಮಗೆ ಜೀವ ಬಂತು. ಆದರೆ ಆಕೆ ನನ್ನಂಥವರೇ.

"ಒಳಗಿಂದು ಒಯ್ರಿ, ಬ್ಯಾಡನ್ನಂಗಿಲ್ಲ," ಎಂದರು. "ಆದ್ರ ಕ್ಯಾನ್ ಲೆಕ್ಕದಾಗ ಅದಾವ. ಖಾಲಿ ಕ್ಯಾನ್ ಒಂದೂ ಬಿಡದಂಗ ತಿರುಗಿ ಬರಬೇಕು."

ನನಗೆ ಆಕೆಯ ಮೇಲೆ ಗೌರವ ಹುಟ್ಟಿತು. ಹುಡುಗಿಯರು ಸಾಲಾಗಿ ನಿಂತು ಕ್ಯಾನುಗಳನ್ನು ಕೈಯಿಂದ ಕೈಗೆ ದಾಟಿಸಿ ಟೆಂಪೊ ತುಂಬಿಸಿದರು. ವಿಠೋಬಾ ಆ ಮಕ್ಕಳಿಗೆಲ್ಲ ಬಗ್ಗಿ ಕೈಮುಗಿದ. ಅವರು ನಾಚಿ ಓಡಿದರು.

ಆ ಸಂಜೆ ವಿಠೋಬಾ ಮನೆಗೆ ಹೋದಾಗ ಅಂಗಿ ಧೋತರವೆಲ್ಲ ಸ್ಪಿರಿಟ್ಟಿನ ವಾಸನೆ. ಓಣಿಯಲ್ಲಿ ನಾಯಿ ಕೂಡ ಅವನನ್ನು ಗುರುತಿಸಲಿಲ್ಲವಂತೆ. ಹಣಮವ್ವ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, ಒಳಗೆ ಹೋಗಿ ಎರಡು ಕೊಡ ತಂದಿಟ್ಟಳು. "ಮೊದಲ ಮನಷ್ಯಾ ಆಗು" ಎಂದಳು. ಎಷ್ಟೋ ವರ್ಷಗಳ ಮೇಲೆ ಆ ಮಾತು. ಅವನು ಕೊಡ ಎತ್ತಿದವನು ಕೆಳಗಿಟ್ಟು, "ಒಂದೇ ಸಾಕು, ಖಣ್ಯಾಗ ನೀರು ಕಡಿಮಿ ಅದ" ಎಂದನಂತೆ. ಆಗ ಹಣಮವ್ವ ಅತ್ತಳು. ಇದನ್ನು ಆಕೆಯೇ ನನ್ನ ಹೆಂಡತಿಗೆ ಹೇಳಿದ್ದು.

ಕೊಳವೆಗಳಿಗೆ ಸ್ಪಿರಿಟ್ ಕುಡಿಸುವ ಕೆಲಸ ಮರುದಿನ ನಡೆಯಿತು. ಶುದ್ಧ ನೀರು ಬೆರೆಸಿ, ಕೆಳಗಿನಿಂದ ನಿಧಾನ ತುಂಬಿ, ಕಾದು, ಅದನ್ನೇ ಇಳಿಸಿ ಮುಂದಿನ ಕೊಳವೆಗೆ. ಲುಂಬಿನಿ ಗಡಿಯಾರ ನೋಡುತ್ತಿದ್ದಳು, ವಿಠೋಬಾ ಪೈಪು ಹಿಡಿದಿದ್ದ. ತುಳಸಿಮಾಲೆಯನ್ನು ಅಂಗಿಯೊಳಗೆ ಸೇರಿಸಿ ಮೇಲಿನ ಗುಂಡಿ ಹಾಕಿಕೊಂಡಿದ್ದ.

"ಕಾಕಾ, ಮಾಳಕರಿ ಕೈಲೇ ಸೆರೆ ಹಂಚಸಾಕತ್ತಾನ ನೋಡ್ರಿ ನಿಮ್ಮ ಪಾಂಡುರಂಗ," ಎಂದ ಮುದಸ್ಸಿರ.

"ಹಂಚಸ್ಲಿ," ಎಂದ ವಿಠೋಬಾ, ಪೈಪಿನಿಂದ ಕಣ್ಣು ತೆಗೆಯದೆ. "ಬದುಕಿದ್ರ ಸಾಕು."

ಹುಣ್ಣಿಮೆಯ ದಿನ ಕೊಳವೆಗಳನ್ನು ಮತ್ತೆ ಜೋಡಿಸಿ, ಸ್ಪಿರಿಟ್ಟಿನ ಅಂಶ ಹೋಗುವವರೆಗೆ ಹಾಯಿಸಿ, ಪಂಪು ಹಚ್ಚಿದರು. ಮೀಟರಿನ ಮುಳ್ಳು ಒತ್ತಡ ಏರುತ್ತಿದೆ ಎಂದಿತು, ಇನ್ನೊಂದು ತುದಿಯ ನಳದಿಂದ ಏನೂ ಇಲ್ಲ. ನಾವೆಲ್ಲ ಒಂದು ನಳದ ಬಾಯಿಯನ್ನೇ ನೋಡುತ್ತ ನಿಂತಿದ್ದೆವು, ಸಾಹೇಬರೂ ಸಹ. ಒಂದು ಹನಿ ಬಂತು. ಇನ್ನೊಂದು. ಆಮೇಲೆ ದಾರದಷ್ಟು. ನೋಡುತ್ತಿದ್ದ ಹಾಗೇ ಅದು ಹೆಬ್ಬೆರಳಿನಷ್ಟಾಗಿ, ನಳ ತುಂಬಿ ಹರಿಯಿತು. ನಾನು ಜೋರಾಗಿ ಏನೋ ಕೂಗಿದೆನಂತೆ, ನನಗೆ ನೆನಪಿಲ್ಲ. ವಿಠೋಬಾ ಕೂಗಲಿಲ್ಲ. ಹೋಗಿ ಆ ನೀರಿನಲ್ಲಿ ಎರಡೂ ಕೈ ಹಿಡಿದು ನಿಂತುಬಿಟ್ಟ. ತೊಳೆಯುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದ.

ಎಲ್ಲವೂ ಬದುಕಲಿಲ್ಲ. ಕೆಲವು ಕೊಳವೆಗಳ ಎಳೆ ಬಿರಿದಿದ್ದವು, ಅವನ್ನು ಮುಚ್ಚಬೇಕಾಯಿತು. ಉಳಿದ ಶ್ಯಾವಿಗೆ ಪವರ್‌ಹೌಸಿಗೆ ಸಾಕಾಗುವಷ್ಟು ನೀರು ಕೊಟ್ಟವು. ಹೆಚ್ಚಿನದು ಇರಲಿಲ್ಲ. ಹೊಸವು ಬರುವವರೆಗೆ ಸಾಹೇಬರ ಬಂಗಲೆಯ ಮುಂದಿನ ಹುಲ್ಲು ಒಣಗಿತು. ಅವರು ಒಂದು ಮಾತೂ ಅನ್ನಲಿಲ್ಲ, ಅದಕ್ಕೆ ಅವರಿಗೂ ನನ್ನ ಶರಣು. ವಿಠೋಬಾ ನೌಕರಿ ಹೋಯಿತೆಂದೇ ತಿಳಿದು ಊಟದ ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಲುಂಬಿನಿ ಸಾಹೇಬರ ಎದುರಿಗೇ, "ಚೀಲ ಇಡ್ರಿ ಕಾಕಾ. ಇನ್ನ ಮ್ಯಾಲ ಇವನ್ನ ಒಣಗಗೊಡದವರು ನಿಮ್ಮಕಿಂತ ಬ್ಯಾರೆ ಯಾರ್ ಸಿಗ್ತಾರ?" ಎಂದಳು. ಸಾಹೇಬರು ನಕ್ಕರು. ಅಲ್ಲಿಗೆ ಮುಗಿಯಿತು.

ಖಾಲಿ ಕ್ಯಾನುಗಳನ್ನು ಹಿಂದಿರುಗಿಸಲು ವಿಠೋಬಾನೇ ಹೋದ. ಒಂದೊಂದನ್ನೂ ತೊಳೆದು, ತಿಕ್ಕಿ, ಬಿಸಿಲಿಗೆ ಹಾಕಿ ಒಣಗಿಸಿದ್ದ. ಮರುದಿನ ದಾನೇಶ್ವರಿಯವರು ನನಗೆ ಫೋನ್ ಮಾಡಿ ಕೂಗಾಡಿದರು: ಚೀಟಿಯೆಲ್ಲ ತೊಳೆದುಹೋಗಿ ಯಾವ ಕ್ಯಾನು ಯಾವುದೆಂದು ತಿಳಿಯುತ್ತಿಲ್ಲವಂತೆ. ನಾನು ನಗು ತಡೆದುಕೊಂಡು, ಆಕೆಯ ಬೈಗುಳವನ್ನು ಪೂರ್ತಿ ಕೇಳಿ, "ನಿಮ್ಮ ಉಪಕಾರ ಮರಿಯಂಗಿಲ್ರಿ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಪಕ್ಕದಲ್ಲಿದ್ದ ಮುದಸ್ಸಿರ ತಿರುಗಿ ನೋಡಿದ.

ಈ ವರ್ಷ ಖಂಡೇನವಮಿಗೆ ತೊಟ್ಟಿಯ ಮುಚ್ಚಳ ತೆಗೆದು, ಶ್ಯಾವಿಗೆ ನೀರೊಳಗೆ ಮಲಗಿದ್ದ ಹಾಗೇ, ವಿಠೋಬಾ ಮೇಲಿನಿಂದ ಒಂದು ಹೂವು ತೇಲಿಬಿಟ್ಟ. ಅಷ್ಟೇ ಪೂಜೆ. ಆಮೇಲೆ ಚೀಲದಲ್ಲಿ ಚೆಂಡುಹೂವಿನ ಹಾರ, ಕಾಯಿ, ಭಂಡಾರ ಹಾಕಿಕೊಂಡು, ನನಗೆ "ನನ್ನ ಜೋಡಿ ಬರ್ರಿ" ಎಂದ. ಹಣಮವ್ವನೂ ಕೊಡ ಹಿಡಿದು ಬಂದಳು. ಎಲ್ಲಿಗೆಂದು ಹೇಳಲಿಲ್ಲ.

ಅವನು ಕರೆದುಕೊಂಡು ಹೋದದ್ದು ಖಣಿಗೆ. ಈ ಸಲ ಮಳೆ ಚೆನ್ನಾಗಿತ್ತು, ನೀರು ಮೇಲಿನ ಪದರಿನವರೆಗೆ ಬಂದಿತ್ತು. ವಿಠೋಬಾ ದಂಡೆಯ ಮೇಲಿನ ಮೋಟರಿನ ತಾಡಪತ್ರಿ ತೆಗೆದ. ಕೂಡಿಸಿದಂದಿನಿಂದ ಒಂದು ದಿನವೂ ಓಡದ ಮೋಟರು, ಧೂಳು ತಿಂದು ಕೂತಿತ್ತು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ, ಒಣ ಬಟ್ಟೆಯಿಂದ ಮತ್ತೆ ಒರೆಸಿದ, ಪೈಪಿನ ಬಾಯೊಳಗೆ ಕೈಹಾಕಿ ಅಲ್ಲೂ ಒರೆಸಿದ. ಬಿಸಿಲು ತಾಗುವಂತೆ ಹಾಗೇ ಬಿಟ್ಟು, ನಾವು ಮೂವರೂ ಕಲ್ಲಿನ ಮೇಲೆ ಕುಳಿತು ಕಾದೆವು. ಒಂದು ಹನಿಯೂ ಹಸಿ ಉಳಿದಿಲ್ಲವೆಂದು ಮುಟ್ಟಿ ಖಾತ್ರಿ ಮಾಡಿಕೊಂಡ ಮೇಲೆ ಹಾರ ಹಾಕಿ, ಭಂಡಾರ ಹಚ್ಚಿ, ಕಾಯಿ ಒಡೆದ. ಕಾಯಿಯ ನೀರನ್ನು ಸಹ ಅದರ ಮೇಲೆ ಬೀಳಗೊಡಲಿಲ್ಲ.

ಆಮೇಲೆ ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಅವನು ಬೇಡಿಕೊಂಡದ್ದು ನನಗೆ ಸ್ಪಷ್ಟ ಕೇಳಿಸಿತು.

"ನೀ ಮಾತ್ರ ಹಿಂಗೇ ಒಣಗಿರಪಾ ತಂದೆ."

ಹಣಮವ್ವ ಮೆಟ್ಟಿಲಿಳಿದು ಕೊಡ ಮುಳುಗಿಸಿದಳು. ಕಬ್ಬಿಣಕ್ಕೆ ಕೈಮುಗಿಯುವವನಲ್ಲ ನಾನು, ಆ ದಿನ ಮುಗಿದೆ.